ಹನ್ನೆರಡು ಪದ ಎಲ್ಲಿಂದ ಬಂತು?

ಹೋದ ದೀಪಾವಳಿ ಹೊತ್ತಿಗೆ ಚಿಕ್ಕಪ್ಪನ ಮಗ ವಾಟ್ಸ್ಆ್ಯಪ್‌ನಲ್ಲಿ ಒಂದು ಸ್ಕ್ರೀನ್‌ಶಾಟ್ ಕಳಿಸಿದ್ದ. ಕೆಳಗೆ ಒಂದೇ ಸಾಲು: "ಅಣ್ಣ, ಈ ಆ್ಯಪ್ ಸೇಫಾ? 4.6 ಸ್ಟಾರ್ ಇದೆ." ತೆರೆದು ನೋಡಿದರೆ ಹನ್ನೆರಡು ಇಂಗ್ಲಿಷ್ ಪದಗಳು. ಹೊಸದಾಗಿ ಹಾಕಿಕೊಂಡ ಕ್ರಿಪ್ಟೊ ವಾಲೆಟ್ ಅವನಿಗೆ ಕೊಟ್ಟ ಬೀಗದ ಕೈ ಅದು. ಆ್ಯಪ್ ಸೇಫೋ ಅಲ್ಲವೋ ಆಮೇಲಿನ ಮಾತು. ಆ ಚಿತ್ರ ಕಳಿಸಿದ ಕ್ಷಣದಿಂದಲೇ ಅವನ ವಾಲೆಟ್ ನನ್ನದೂ ಆಗಿಹೋಗಿತ್ತು. ಪುಣ್ಯಕ್ಕೆ ಒಳಗಿದ್ದದ್ದು 800 ರೂಪಾಯಿಯಷ್ಟು. "ಲೋ, ಮೊದಲು ಅದನ್ನ ಖಾಲಿ ಮಾಡಿ ಹೊಸದು ಮಾಡ್ಕೊ" ಎಂದೆ.

ಅವನ ಪ್ರಶ್ನೆ ಮಾತ್ರ ತಲೆಯಲ್ಲಿ ಉಳಿಯಿತು. ಸೇಫ್ ಅಂತ ಹೇಳಬೇಕಾದರೆ ಏನನ್ನು ನೋಡಬೇಕು? ನಾನು ಓದಿದಷ್ಟೂ ಒಂದು ವಿಚಿತ್ರ ಕಾಣಿಸುತ್ತಾ ಹೋಯಿತು. ವಾಲೆಟ್‌ಗಳಲ್ಲಿ ಆದ ದೊಡ್ಡ ಎಡವಟ್ಟುಗಳಲ್ಲಿ ಹಲವು, ಬಳಸುವವರ ಕಣ್ಣಿಗೆ ಬೀಳುವ ಸಾಧ್ಯತೆಯೇ ಇಲ್ಲದ ಜಾಗದಲ್ಲಿ ಆಗಿವೆ. ಆ ಹನ್ನೆರಡು ಪದ ಹುಟ್ಟಿದ ಜಾಗದಲ್ಲಿ.

ವಾಲೆಟ್ ಎಂಬ ಹೆಸರೇ ಸ್ವಲ್ಪ ದಾರಿ ತಪ್ಪಿಸುತ್ತದೆ. ಅದರೊಳಗೆ ನಾಣ್ಯ ಇರುವುದಿಲ್ಲ. ಬಿಟ್‌ಕಾಯಿನ್ ಆಗಲಿ, ಸೊಲಾನಾ ಆಗಲಿ, ಯಾವ ವಿಳಾಸದಲ್ಲಿ ಎಷ್ಟಿದೆ ಎನ್ನುವ ಲೆಕ್ಕ ಸಾವಿರಾರು ಕಂಪ್ಯೂಟರ್‌ಗಳಲ್ಲಿ ಎಲ್ಲರಿಗೂ ಕಾಣುವಂತೆ ಬರೆದಿರುತ್ತದೆ. ಆ್ಯಪ್ ಇಟ್ಟುಕೊಳ್ಳುವುದು ಒಂದು ಭಾರಿ ಸಂಖ್ಯೆಯನ್ನು ಮಾತ್ರ. ಅದಕ್ಕೆ ಪ್ರೈವೇಟ್ ಕೀ ಎನ್ನುತ್ತಾರೆ. ಸಂಖ್ಯೆ ಗೊತ್ತಿದ್ದವರು ಹಣ ತೆಗೆಯಬಹುದು, ಅಷ್ಟೇ. ಹೆಸರು, ಆಧಾರ್, ಒಟಿಪಿ ಏನನ್ನೂ ಯಾರೂ ಕೇಳುವುದಿಲ್ಲ. ಯುಪಿಐನಲ್ಲಿ ಮೋಸ ಹೋದರೆ 1930ಕ್ಕೆ ಫೋನ್ ಮಾಡಬಹುದು, ಬೇಗ ಮಾಡಿದರೆ ಬ್ಯಾಂಕಿನವರು ಹಣ ತಡೆಯಲೂಬಹುದು. ಇಲ್ಲಿ ಹೋದದ್ದನ್ನು ವಾಪಸ್ ಎಳೆಯುವ ಅಧಿಕಾರ ಯಾರ ಕೈಯಲ್ಲೂ ಇಲ್ಲ.

ಕ್ರಿಪ್ಟೊ ಕೊಳ್ಳುವ, ಮಾರುವ ಎಕ್ಸ್‌ಚೇಂಜ್ ಆ್ಯಪ್‌ಗಳ ಕತೆ ಬೇರೆ. ಅಲ್ಲಿ ಕೀ ಕಂಪನಿಯ ಹತ್ತಿರ ಇರುತ್ತದೆ, ನಮಗೆ ಕಾಣುವುದು ಪಾಸ್‌ಬುಕ್ ಥರದ ಒಂದು ಅಂಕಿ. 2024ರ ಜುಲೈ 18ರಂದು ವಜೀರ್‌ಎಕ್ಸ್ ಎಂಬ ಭಾರತದ ಎಕ್ಸ್‌ಚೇಂಜ್‌ನಿಂದ 23 ಕೋಟಿ ಡಾಲರ್‌ಗೂ ಜಾಸ್ತಿ ಕಳುವಾದಾಗ ಗ್ರಾಹಕರ ಫೋನಿನಲ್ಲಿ ಯಾವ ದೋಷವೂ ಇರಲಿಲ್ಲ. ನಾನಿಲ್ಲಿ ಹೇಳುತ್ತಿರುವುದು ಕೀಯನ್ನು ನಮ್ಮ ಕೈಗೇ ಕೊಡುವ ಆ್ಯಪ್‌ಗಳ ಬಗ್ಗೆ.

ಅಂಥ ಆ್ಯಪ್ ಮೊದಲ ಸಲ ತೆರೆದಾಗ ಏನಾಗುತ್ತದೆ? ಒಂದು ನಾಣ್ಯವನ್ನು 128 ಸಲ ಚಿಮ್ಮಿದ್ದೀರಿ ಎಂದುಕೊಳ್ಳಿ. ತಲೆ ಬಿದ್ದರೆ 1, ಬಾಲ ಬಿದ್ದರೆ 0. ಈ 128 ಅಂಕಿಗಳ ಕೊನೆಗೆ ತಪ್ಪು ಪತ್ತೆಗೆಂದು ಇನ್ನು 4 ಅಂಕಿ ಸೇರಿಸಿದರೆ 132. ಹನ್ನೊಂದು ಹನ್ನೊಂದಾಗಿ ಕತ್ತರಿಸಿದರೆ ಹನ್ನೆರಡು ತುಂಡು. ಪ್ರತಿ ತುಂಡಿಗೂ 2048 ಪದಗಳ ಒಂದು ಪಟ್ಟಿಯಿಂದ ಒಂದು ಪದ. ಪ್ರೈವೇಟ್ ಕೀಯನ್ನು ಆ್ಯಪ್ ಈ ಪದಗಳಿಂದಲೇ ಲೆಕ್ಕ ಹಾಕಿ ತೆಗೆಯುತ್ತದೆ. ಈ ಪದ್ಧತಿಗೆ ಬಿಐಪಿ 39 ಎಂದು ಹೆಸರು, 2013ರದು. ಇಂಗ್ಲಿಷ್ ಪಟ್ಟಿ 'ಅಬ್ಯಾಂಡನ್'ನಿಂದ ಶುರುವಾಗಿ 'ಝೂ'ನಲ್ಲಿ ಮುಗಿಯುತ್ತದೆ. ಮೊದಲ ನಾಲ್ಕು ಅಕ್ಷರ ನೋಡಿದರೆ ಯಾವ ಪದ ಎಂದು ತಿಳಿಯುವ ಹಾಗೆ ಆರಿಸಿದ್ದಾರೆ. ಜಪಾನಿ, ಕೊರಿಯನ್, ಜೆಕ್ ಎಲ್ಲ ಸೇರಿ ಹತ್ತು ಪಟ್ಟಿಗಳಿವೆ. ಅದರಲ್ಲಿ ಕನ್ನಡ ಇಲ್ಲ, ಭಾರತದ ಯಾವ ಭಾಷೆಯೂ ಇಲ್ಲ. ಇಂಗ್ಲಿಷ್ ಅಷ್ಟಾಗಿ ಬಾರದವರು ಸ್ಪೆಲಿಂಗ್ ತಪ್ಪಿಲ್ಲದೆ ಹನ್ನೆರಡು ಪದ ಬರೆದಿಟ್ಟುಕೊಳ್ಳಬೇಕು. ಅವರು ಸ್ಕ್ರೀನ್‌ಶಾಟ್ ಹೊಡೆದರೆ ನನಗೇನೂ ಆಶ್ಚರ್ಯವಿಲ್ಲ.

ಎಲ್ಲ ಭದ್ರತೆಯೂ ಆ 128 ಚಿಮ್ಮುವಿಕೆಯ ಮೇಲೆ ನಿಂತಿದೆ. ಆದರೆ ಫೋನಿಗೆ ನಾಣ್ಯ ಚಿಮ್ಮಲು ಬರುತ್ತದಾ? ಕಂಪ್ಯೂಟರ್ ಹೇಳಿದ್ದನ್ನು ಹೇಳಿದ ಹಾಗೆ ಮಾಡುವ ಯಂತ್ರ. ಅದೇ ಪ್ರಶ್ನೆಗೆ ಅದೇ ಉತ್ತರ ಕೊಡುವುದೇ ಅದರ ಹೆಚ್ಚುಗಾರಿಕೆ. ಹಾಗಾಗಿ ಯಾರೂ ಊಹಿಸಲಾಗದ (ರ‍್ಯಾಂಡಮ್) ಅಂಕಿ ಬೇಕೆಂದರೆ ಅದು ಹೊರಗಿನ ಗಲಿಬಿಲಿಯನ್ನು ಆಶ್ರಯಿಸಬೇಕು. ಚಿಪ್‌ನೊಳಗಿನ ವಿದ್ಯುತ್ತಿನ ಸಣ್ಣ ಗದ್ದಲ, ಬೆರಳು ತಾಗಿದ ಸಮಯದ ಮೈಕ್ರೊಸೆಕೆಂಡುಗಳು, ಇಂಥವನ್ನೆಲ್ಲ ಆಪರೇಟಿಂಗ್ ಸಿಸ್ಟಮ್ ಒಂದು ಕಡೆ ಸೇರಿಸಿ ಕಲಸುತ್ತದೆ. ಆ್ಯಪ್ ಆ ಪಾತ್ರೆಯಿಂದ ಒಂದು ಸೌಟು ತೆಗೆದುಕೊಳ್ಳಬೇಕು. ಪಾತ್ರೆ ಖಾಲಿ ಇದ್ದರೆ?

2013ರ ಆಗಸ್ಟ್‌ನಲ್ಲಿ ಆದದ್ದು ಅದೇ ಥರದ್ದು. ಆಂಡ್ರಾಯ್ಡ್‌ನಲ್ಲಿ ರ‍್ಯಾಂಡಮ್ ಅಂಕಿ ಕೊಡುವ ಭಾಗಕ್ಕೆ ಸರಿಯಾದ ಬೀಜ, ಅಂದರೆ ಶುರುಮಾಡಲು ಬೇಕಾದ ಗಲಿಬಿಲಿ, ಸಿಗುತ್ತಿರಲಿಲ್ಲ. ಆವರೆಗೆ ಆಂಡ್ರಾಯ್ಡ್ ಫೋನುಗಳಲ್ಲಿ ಹುಟ್ಟಿದ ಬಿಟ್‌ಕಾಯಿನ್ ವಾಲೆಟ್‌ಗಳನ್ನೆಲ್ಲ ನಂಬುವಂತಿಲ್ಲ ಎಂದು ಆಗಸ್ಟ್ 11ರಂದು ಬಿಟ್‌ಕಾಯಿನ್ ಡೆವಲಪರ್‌ಗಳು ಎಚ್ಚರಿಸಿದರು. ಅಷ್ಟರಲ್ಲಿ 55ರಷ್ಟು ಬಿಟ್‌ಕಾಯಿನ್ ಹೋಗಿತ್ತು.

ಕಳ್ಳರು ಕೀ ಹಿಡಿದ ರೀತಿ ಮಜವಾಗಿದೆ. ಅದನ್ನು ಹೇಳದೆ ಮುಂದೆ ಹೋಗಲು ಮನಸ್ಸಾಗುತ್ತಿಲ್ಲ. ಹಣ ಕಳಿಸುವಾಗಲೆಲ್ಲ ಆ್ಯಪ್ ಒಂದು ಸಹಿ ಹಾಕುತ್ತದೆ. ಸಹಿ ಎಂದರೆ ಒಂದು ಸಮೀಕರಣ. ಅದರಲ್ಲಿ ಹೊರಗಿನವರಿಗೆ ಗೊತ್ತಿಲ್ಲದವು ಎರಡು: ಪ್ರೈವೇಟ್ ಕೀ, ಮತ್ತು ಆ ಸಹಿಗೆಂದೇ ಹೊಸದಾಗಿ ಆರಿಸಿದ ಒಂದು ರ‍್ಯಾಂಡಮ್ ಸಂಖ್ಯೆ. ಒಂದು ಸಮೀಕರಣದಿಂದ ಎರಡು ಗೊತ್ತಿಲ್ಲದ್ದನ್ನು ಬಿಡಿಸಲಾಗದು. ಎರಡನೇ ಸಹಿ ಹಾಕಿದರೆ ಇನ್ನೊಂದು ಸಮೀಕರಣ ಸಿಗುತ್ತದೆ, ಆದರೆ ಅದರ ಜೊತೆ ಹೊಸ ರ‍್ಯಾಂಡಮ್ ಸಂಖ್ಯೆಯೂ ಬರುತ್ತದೆ. ಎಷ್ಟು ಸಹಿ ಹಾಕಿದರೂ ಗೊತ್ತಿಲ್ಲದ್ದು ಒಂದು ಜಾಸ್ತಿಯೇ ಉಳಿಯುತ್ತದೆ. ಆ ಆಂಡ್ರಾಯ್ಡ್ ದೋಷದಿಂದ ಕೆಲವು ವಾಲೆಟ್‌ಗಳಲ್ಲಿ ಎರಡು ಸಹಿಗೂ ಒಂದೇ ಸಂಖ್ಯೆ ಬಂದುಬಿಟ್ಟಿತು. ಈಗ ಸಮೀಕರಣ ಎರಡು, ಗೊತ್ತಿಲ್ಲದ್ದೂ ಎರಡು. ಹತ್ತನೇ ಕ್ಲಾಸಿನ ಗಣಿತ ಸಾಕು. ಸಹಿಗಳೋ, ಎಲ್ಲರಿಗೂ ಕಾಣುವ ಲೆಕ್ಕದ ಪುಸ್ತಕದಲ್ಲೇ ಬಿದ್ದಿದ್ದವು. ಸೋನಿಯ ಪ್ಲೇಸ್ಟೇಷನ್ 3ರ ಕೀಯನ್ನು 2010ರಲ್ಲಿ ಹ್ಯಾಕರ್‌ಗಳು ಪತ್ತೆ ಮಾಡಿದ್ದೂ ಇದೇ ದಾರಿಯಿಂದ, ಅಂದರೆ ಪಾಠ ಹೊಸದೇನಾಗಿರಲಿಲ್ಲ. ಈಗ ಬಹಳಷ್ಟು ವಾಲೆಟ್‌ಗಳು ಆ ಸಂಖ್ಯೆಯನ್ನು ಅದೃಷ್ಟಕ್ಕೆ ಬಿಡುವುದಿಲ್ಲ. ಕೀ ಮತ್ತು ಕಳಿಸುವ ಸಂದೇಶ ಎರಡನ್ನೂ ಸೇರಿಸಿ ಲೆಕ್ಕ ಹಾಕಿ ತೆಗೆಯುತ್ತವೆ.

ಇದಕ್ಕಿಂತ ನಗು ಬರಿಸುವಂಥದ್ದು 2015ರದು. ಆಗ ಹೆಸರುವಾಸಿಯಾಗಿದ್ದ ಬ್ಲಾಕ್‌ಚೈನ್ ಡಾಟ್ ಇನ್ಫೊ ಕಂಪನಿಯ ಆಂಡ್ರಾಯ್ಡ್ ಆ್ಯಪ್, ಜಾಸ್ತಿ ಭದ್ರತೆ ಇರಲಿ ಎಂದು ಫೋನಿನ ಅಂಕಿಗಳ ಜೊತೆ ರ‍್ಯಾಂಡಮ್ ಡಾಟ್ ಆರ್ಗ್ ಎಂಬ ತಾಣದಿಂದಲೂ ಅಂಕಿ ತರಿಸಿ ಬೆರೆಸುತ್ತಿತ್ತು. ಆ ವರ್ಷದ ಜನವರಿಯಲ್ಲಿ ಆ ತಾಣ ತನ್ನ ವಿಳಾಸವನ್ನು ಎಚ್‌ಟಿಟಿಪಿಎಸ್‌ಗೆ, ಅಂದರೆ ಸುರಕ್ಷಿತ ಸಂಪರ್ಕಕ್ಕೆ, ಬದಲಿಸಿತು. ಹಳೆಯ ವಿಳಾಸಕ್ಕೆ ಬಂದವರಿಗೆ "ಈ ಪುಟ ಬೇರೆ ಕಡೆ ಹೋಗಿದೆ" ಎಂಬ ಮಾಮೂಲಿ ಉತ್ತರ ಕೊಡಲು ಶುರುಮಾಡಿತು. ಆ್ಯಪ್ ಆ ಉತ್ತರವನ್ನು ಓದಲೇ ಇಲ್ಲ. ಬಂದ ಅಕ್ಷರಗಳನ್ನೇ ರ‍್ಯಾಂಡಮ್ ಅಂಕಿ ಎಂದು ತೆಗೆದುಕೊಂಡಿತು! ಕೆಲವು ಫೋನುಗಳಲ್ಲಿ ಅವುಗಳದೇ ಪಾಲಿನ ಅಂಕಿಯೂ ಸದ್ದಿಲ್ಲದೆ ಕೈಕೊಟ್ಟಿತ್ತು. ಅಂಥ ಫೋನುಗಳಲ್ಲೆಲ್ಲ ಒಂದೇ ಕೀ, ಒಂದೇ ವಿಳಾಸ ಹುಟ್ಟಿತು. ಪರಿಚಯವೇ ಇಲ್ಲದ ಹಲವರು ಒಂದೇ ತಿಜೋರಿಗೆ ಹಣ ಹಾಕುತ್ತಿದ್ದರು, ಪ್ರತಿಯೊಬ್ಬರ ಹತ್ತಿರವೂ ಅದೇ ಕೀಲಿ. ಮೇ ತಿಂಗಳವರೆಗೂ ಇದು ಸರಿಹೋಗಲಿಲ್ಲ. ಪರದೆಯ ಮೇಲೆ ಎಲ್ಲ ಮಾಮೂಲಿನಂತೆಯೇ ಕಾಣುತ್ತಿತ್ತು, ಸ್ಟಾರ್‌ಗಳೂ ಅಲ್ಲೇ ಇದ್ದವು.

ಇದೆಲ್ಲ ಹಳೇ ಕಾಲದ ಮಾತು ಅಂತೀರಾ? 2022ರ ನವೆಂಬರ್‌ನಲ್ಲಿ ಟ್ರಸ್ಟ್ ವಾಲೆಟ್‌ನವರ ಬ್ರೌಸರ್ ಎಕ್ಸ್‌ಟೆನ್ಷನ್‌ನಲ್ಲಿ (ಬ್ರೌಸರ್‌ಗೆ ಸೇರಿಸಿಕೊಳ್ಳುವ ಚಿಕ್ಕ ತಂತ್ರಾಂಶ) ಇಂಥದ್ದೇ ದೋಷ ಸಿಕ್ಕಿತು. ಮೊಬೈಲ್ ಆ್ಯಪ್ ಅಲ್ಲ, ಅದರ ತಮ್ಮ ಎನ್ನಿ. 128 ಸಲ ಚಿಮ್ಮಿದ ಹಾಗೆ ಕಂಡರೂ ನಿಜಕ್ಕೂ ಚಿಮ್ಮಿದ್ದು 32 ಸಲ, ಉಳಿದದ್ದು ಅದರಿಂದಲೇ ಲೆಕ್ಕ ಹಾಕಿ ಎಳೆದದ್ದು. ಬಂದ ಪದಗಳು ಹನ್ನೆರಡೇ. ಅವು ನೋಡಲು ಬೇರೆ ಯಾವ ಹನ್ನೆರಡಕ್ಕೂ ಕಡಿಮೆ ಇರಲಿಲ್ಲ. ಆದರೆ 32 ಚಿಮ್ಮುವಿಕೆಯಿಂದ ಆಗುವ ಸಾಧ್ಯತೆ ಸುಮಾರು 429 ಕೋಟಿ ಮಾತ್ರ. ಸೆಕೆಂಡಿಗೆ 1 ಲಕ್ಷ ಪರೀಕ್ಷಿಸಿದರೆ ಹನ್ನೆರಡು ಗಂಟೆಯಲ್ಲಿ ಮುಗಿಯುತ್ತದೆ. ಪ್ರಾಮಾಣಿಕವಾಗಿ 128 ಸಲ ಚಿಮ್ಮಿದ್ದನ್ನು ಅದೇ ವೇಗದಲ್ಲಿ ಹುಡುಕಲು 1ರ ಮುಂದೆ 26 ಸೊನ್ನೆ ಇಟ್ಟಷ್ಟು ವರ್ಷ ಬೇಕು. ವಿಶ್ವಕ್ಕೇ ಇನ್ನೂ 1380 ಕೋಟಿ ವರ್ಷ.

ಪದ ಸರಿಯಾಗಿಯೇ ಹುಟ್ಟಿತು ಎಂದಿಟ್ಟುಕೊಳ್ಳಿ. ಅದನ್ನು ಇಡುವುದೆಲ್ಲಿ? ಈಗಿನ ಒಳ್ಳೆಯ ಫೋನುಗಳಲ್ಲಿ ಇದಕ್ಕೆಂದೇ ಒಂದು ಪ್ರತ್ಯೇಕ ಚಿಪ್, ಇಲ್ಲವೇ ಮುಖ್ಯ ಚಿಪ್‌ನೊಳಗೇ ಬೇರ್ಪಡಿಸಿದ ಒಂದು ಭಾಗ ಇರುತ್ತದೆ. ಐಫೋನ್‌ನಲ್ಲಿ ಅದಕ್ಕೆ ಸೆಕ್ಯೂರ್ ಎನ್‌ಕ್ಲೇವ್ ಎಂದು ಹೆಸರು. ಅದರೊಳಗೆ ಹುಟ್ಟಿದ ಕೀ ಹೊರಗೆ ಬರುವುದೇ ಇಲ್ಲ, ಒಳಗೇ ಸಹಿ ಹಾಕಿ ಸಹಿಯನ್ನು ಮಾತ್ರ ಹೊರಗೆ ಕೊಡುತ್ತದೆ. ಸೊಗಸಾದ ಏರ್ಪಾಡು. ತೊಂದರೆ ಏನೆಂದರೆ ಸಹಿಯ ಲೆಕ್ಕಕ್ಕೆ ಆ ಭಾಗಕ್ಕೆ ಗೊತ್ತಿರುವ ಗಣಿತದ ವಕ್ರರೇಖೆ ಒಂದು, ಬಿಟ್‌ಕಾಯಿನ್ ಬಳಸುವ ವಕ್ರರೇಖೆ ಇನ್ನೊಂದು. ಹೀಗಾಗಿ ವಾಲೆಟ್ ಆ್ಯಪ್ ಕೀಯನ್ನು ಗುಪ್ತಲಿಪಿಗೆ ತಿರುಗಿಸಿ ಇಡಲು ಮಾತ್ರ ಅದರ ನೆರವು ಪಡೆಯುತ್ತದೆ. ಸಹಿ ಹಾಕುವ ಹೊತ್ತಿಗೆ ಕೀಯನ್ನು ಬಿಡಿಸಿ ಮಾಮೂಲಿ ಮೆಮೊರಿಗೆ ತರಲೇಬೇಕು. ಒಡವೆ ಬ್ಯಾಂಕಿನ ಲಾಕರ್‌ನಲ್ಲಿದ್ದರೂ ಮದುವೆ ದಿನ ಮೈಮೇಲೆ ಹಾಕಿಕೊಂಡು ಬಸ್ಸಿನಲ್ಲಿ ಹೋದ ಹಾಗೆ.

ಕೆಲವು ಸಲ ಆ್ಯಪ್ ತಾನೇ ಬಾಯಿ ಬಿಡುತ್ತದೆ. 2022ರ ಆಗಸ್ಟ್ 2ರ ರಾತ್ರಿ ಸೊಲಾನಾದ ಸಾವಿರಾರು ವಾಲೆಟ್‌ಗಳು ಒಂದರ ಹಿಂದೆ ಒಂದು ಖಾಲಿಯಾಗತೊಡಗಿದವು. ಕೊನೆಗೆ ಲೆಕ್ಕಕ್ಕೆ ಸಿಕ್ಕಿದ್ದು 9,000ಕ್ಕೂ ಜಾಸ್ತಿ ವಾಲೆಟ್, ಸುಮಾರು 40 ಲಕ್ಷ ಡಾಲರ್. ಜಾಲವೇ ಒಡೆದುಹೋಯಿತು ಎಂದು ಜನ ಹೆದರಿದ್ದರು. ತನಿಖೆ ಹೋಗಿ ನಿಂತದ್ದು ಸ್ಲೋಪ್ ಎಂಬ ಮೊಬೈಲ್ ಆ್ಯಪ್ ಮುಂದೆ. ಆ್ಯಪ್ ಎಲ್ಲಾದರೂ ಕೆಟ್ಟರೆ ಡೆವಲಪರ್‌ಗೆ ವರದಿ ಹೋಗುವ ಒಂದು ವ್ಯವಸ್ಥೆ ಅದರಲ್ಲಿತ್ತು. ಬಹಳಷ್ಟು ಆ್ಯಪ್‌ಗಳಲ್ಲಿ ಇರುವಂಥದ್ದೇ. ಆ ವರದಿಯ ಜೊತೆಗೆ ಬಳಕೆದಾರರ ಪದಗಳೂ ಇದ್ದದ್ದು ಇದ್ದ ಹಾಗೆ ಸರ್ವರ್‌ಗೆ ಹೋಗುತ್ತಿದ್ದವು. ಬೇರೆ ವಾಲೆಟ್ ಬಳಸುವವರೂ ಕಳೆದುಕೊಂಡರು, ಅದೇ ಪದಗಳನ್ನು ಒಂದು ಸಲ ಸ್ಲೋಪ್‌ನಲ್ಲೂ ಹಾಕಿ ನೋಡಿದ್ದಕ್ಕೆ. ಯಾರೋ ಕಳ್ಳತನದ ಉದ್ದೇಶದಿಂದ ಬರೆದ ಸಾಲಿನಂತೆ ಕಾಣುವುದಿಲ್ಲ ಅದು. ಬಗ್ ಹುಡುಕಲು ಇಟ್ಟ ವ್ಯವಸ್ಥೆಯಿಂದಲೇ ಸೋರಿದ್ದು. ಸಾಫ್ಟ್‌ವೇರ್ ಕೆಲಸ ಮಾಡುವ ಯಾರಿಗಾದರೂ ಓದಿದಾಗ ಹೊಟ್ಟೆಯಲ್ಲಿ ತಳಮಳ ಆಗುತ್ತದೆ.

ತಮ್ಮನ ಸ್ಕ್ರೀನ್‌ಶಾಟ್‌ಗೂ ಒಂದು ಉತ್ತರ ಕೊಡಬೇಕಲ್ಲ. 2025ರ ಫೆಬ್ರವರಿಯಲ್ಲಿ ಕಂಪ್ಯೂಟರ್ ಭದ್ರತೆಯ ಕಂಪನಿ ಕ್ಯಾಸ್ಪರ್‌ಸ್ಕಿಯವರು ಸ್ಪಾರ್ಕ್‌ಕ್ಯಾಟ್ ಎಂಬ ಕುತಂತ್ರಾಂಶದ ಬಗ್ಗೆ ಹೇಳಿದರು. ಅದು ಊಟ ತರಿಸುವ ಆ್ಯಪ್‌ನಂಥ ಸಾಧು ಆ್ಯಪ್‌ಗಳಲ್ಲಿ ಅಡಗಿತ್ತು. ಗ್ಯಾಲರಿ ನೋಡಲು ಅನುಮತಿ ಕೇಳುತ್ತದೆ. ನಾವು ಕೊಡುತ್ತೇವೆ. ಆಮೇಲೆ ಫೋಟೊಗಳೊಳಗಿನ ಅಕ್ಷರ ಓದುತ್ತಾ ಕೂರುತ್ತದೆ. ವಾಲೆಟ್ ಪದಗಳಂತೆ ಕಂಡ ಚಿತ್ರವನ್ನು ತನ್ನ ಯಜಮಾನರಿಗೆ ಕಳಿಸುತ್ತದೆ. ಗೂಗಲ್ ಪ್ಲೇ ಒಂದರಲ್ಲೇ ಅಂಥ ಆ್ಯಪ್‌ಗಳು 2.42 ಲಕ್ಷ ಸಲ ಡೌನ್‌ಲೋಡ್ ಆಗಿದ್ದವು. ಆ್ಯಪಲ್‌ನ ಆ್ಯಪ್ ಸ್ಟೋರ್‌ನಲ್ಲೂ ಇದ್ದವು.

ಇನ್ನು ಸ್ಟಾರ್. ವಾಲೆಟ್‌ಗಳನ್ನು ಬೇರೆ ತಾಣಗಳಿಗೆ ಜೋಡಿಸುವ ವಾಲೆಟ್‌ಕನೆಕ್ಟ್‌ನ ಹೆಸರಿಟ್ಟುಕೊಂಡ ಒಂದು ನಕಲಿ ಆ್ಯಪ್ 2024ರಲ್ಲಿ ಐದು ತಿಂಗಳು ಗೂಗಲ್ ಪ್ಲೇನಲ್ಲಿ ಕೂತು 70,000 ಡಾಲರ್‌ನಷ್ಟು ದೋಚಿತು. ಅದಕ್ಕೆ ಒಳ್ಳೊಳ್ಳೆಯ ವಿಮರ್ಶೆಗಳಿದ್ದವು, ಎಲ್ಲ ಸುಳ್ಳು. ನಂಬಿಕೆಗೆ ಇದಕ್ಕಿಂತ ಗಟ್ಟಿ ಆಧಾರ ಒಂದಿದೆ. ಕೆಲವು ವಾಲೆಟ್‌ಗಳು ತಮ್ಮ ಕೋಡ್ ಎಲ್ಲವನ್ನೂ ಬಹಿರಂಗವಾಗಿ ಇಡುತ್ತವೆ. ಆ ಕೋಡ್‌ನಿಂದ ಯಾರು ಬೇಕಾದರೂ ಆ್ಯಪ್ ಕಟ್ಟಿ, ಸ್ಟೋರ್‌ನಲ್ಲಿರುವ ಆ್ಯಪ್‌ನ ಜೊತೆ ಹೋಲಿಸಿ ನೋಡಬಹುದು. ವಾಲೆಟ್‌ಸ್ಕ್ರೂಟಿನಿ ಎಂಬ ಯೋಜನೆಯವರು ಒಂದೊಂದೇ ವಾಲೆಟ್ ತೆಗೆದು ಇದನ್ನೇ ಮಾಡುತ್ತಾರೆ. ಹೋಲಿಕೆ ಆದರೂ ಕೋಡ್ ಸರಿಯಿದೆ ಎಂದೇನಲ್ಲ. ತೋರಿಸಿದ ಕೋಡೇ ನಮ್ಮ ಫೋನಿನಲ್ಲಿ ಓಡುತ್ತಿದೆ ಎಂದಷ್ಟೇ ಅರ್ಥ. ನನಗೆ ಅಷ್ಟು ಸಿಕ್ಕರೂ ಸಾಕಷ್ಟಾಯಿತು.

ಸಂಕ್ರಾಂತಿಗೆ ಊರಿಗೆ ಹೋದಾಗ ಇದನ್ನೆಲ್ಲ ತಮ್ಮನಿಗೆ ಹೇಳಿದೆ. "ಹಾಗಾದ್ರೆ ನಾವೇ ಚಿಮ್ಮೋಣ" ಎಂದ. ಅಟ್ಟದ ಮೇಲಿಂದ ಅಜ್ಜಿಯ ಚೌಕಾಬಾರದ ಕವಡೆ ಇಳಿಸಿದ. ಕವಡೆ ನಾಣ್ಯದಷ್ಟು ನ್ಯಾಯವಂತ ಅಲ್ಲ, ಒಂದು ಮಗ್ಗುಲಿಗೆ ಜಾಸ್ತಿ ಬೀಳಬಹುದು. ಅದಕ್ಕೆ ಗಣಿತಜ್ಞ ಜಾನ್ ವಾನ್ ನಾಯ್ಮನ್ ಹೇಳಿದ ಒಂದು ಉಪಾಯವಿದೆ. ಒಂದೇ ಕವಡೆಯನ್ನು ಎರಡು ಸಲ ಎಸೆಯಿರಿ. ಮೊದಲು ಬಾಯಿ ಆಮೇಲೆ ಬೆನ್ನು ಬಿದ್ದರೆ 1, ಮೊದಲು ಬೆನ್ನು ಆಮೇಲೆ ಬಾಯಿ ಬಿದ್ದರೆ 0. ಎರಡೂ ಸಲ ಒಂದೇ ಬಿದ್ದರೆ ಲೆಕ್ಕಕ್ಕಿಲ್ಲ. ಕವಡೆ ಎಷ್ಟೇ ವಾಲಿದ್ದರೂ ಈ ಎರಡು ಜೋಡಿಗಳ ಅವಕಾಶ ಸಮ ಸಮ. ಆದರೆ ಅರ್ಧಕ್ಕರ್ಧ ಎಸೆತ ದಂಡ. 128 ಅಂಕಿಗೆ ಸರಾಸರಿ ಕಡಿಮೆಯೆಂದರೂ 500 ಎಸೆತ ಬೇಕಾದೀತು. ಅರ್ಧ ಗಂಟೆಯಲ್ಲಿ ನಮಗೆ ಎರಡು ಪದ ಸಿಕ್ಕಿತು. ಅಜ್ಜಿ ಬಂದು "ಯಾರ್ರೋ ಗೆಲ್ತಿರೋದು?" ಎಂದು ಕೇಳಿದರು.

ಹನ್ನೊಂದು ಪದದವರೆಗೆ ಕವಡೆ ಸಾಕು. ಹನ್ನೆರಡನೆಯದರಲ್ಲಿ ಏಳು ಅಂಕಿ ಮಾತ್ರ ನಮ್ಮವು, ಕೊನೆಯ ನಾಲ್ಕನ್ನು ಉಳಿದೆಲ್ಲದರಿಂದ ಲೆಕ್ಕ ಹಾಕಬೇಕು. ಕೈಯಲ್ಲಿ ಆಗುವ ಲೆಕ್ಕ ಅಲ್ಲ. ತಮ್ಮ ಜೇಬಿನಿಂದ ಫೋನ್ ತೆಗೆದ. ಲೆಕ್ಕ ಮಾಡಿಕೊಡುವ ಆ್ಯಪ್ ಯಾವುದಾದರೂ ಇದೆಯಾ ಅಂತ ಹುಡುಕತೊಡಗಿದ.