ಮಗುವಿನ ಶ್ವಾಸಕೋಶಕ್ಕೆ ಹಾಕಿದ ಆ ಬಿಳಿ ಔಷಧಿ ಏನು?

ಪ್ರಶ್ನೆ: ತಂಗಿಗೆ ಏಳು ತಿಂಗಳಿಗೇ ಹೆರಿಗೆ ಆಯಿತು. ಮಗುವನ್ನು ಎನ್‌ಐಸಿಯುಗೆ (ಹಸುಗೂಸುಗಳ ತೀವ್ರ ನಿಗಾ ಘಟಕ) ಒಯ್ದವರು "ಸರ್ಫ್ಯಾಕ್ಟಂಟ್ ಕೊಡಬೇಕು, ಸಹಿ ಹಾಕಿ" ಅಂದರು. ಗಾಬರಿಯಲ್ಲಿ ಹಾಕಿದೆವು. ಏನದು? ಶ್ವಾಸಕೋಶದೊಳಕ್ಕೇ ಸುರಿಯುತ್ತಾರಂತೆ, ನಿಜವಾ?

ನಿಜ. ಬಾಯಿಯಿಂದ ಶ್ವಾಸನಾಳಕ್ಕೆ ಸಣ್ಣ ಕೊಳವೆ ಇಳಿಸಿ, ಮಗುವಿನ ತೂಕ ನೋಡಿಕೊಂಡು ಕೆಲವೇ ಎಂ.ಎಲ್. ದ್ರವ ಬಿಡುತ್ತಾರೆ. ಕೇಳಿದರೇ ಭಯ ಆಗುತ್ತದೆ, ಅಲ್ವಾ?

ತರಕಾರಿ ತಂದ ಪ್ಲಾಸ್ಟಿಕ್ ಕವರ್ ಒದ್ದೆಯಾದರೆ ಒಳಗಿನ ಎರಡೂ ಮೈ ಅಂಟಿಕೊಂಡು ಬಾಯಿ ಬಿಡಿಸಲು ಪರದಾಡುತ್ತೇವಲ್ಲ, ಅದನ್ನು ನೆನಪಿಸಿಕೊಳ್ಳಿ. ಶ್ವಾಸಕೋಶದಲ್ಲಿರುವ ಗಾಳಿಗುಳ್ಳೆಗಳ ಒಳಮೈಯೂ ಒದ್ದೆಯೇ. ಉಸಿರು ಬಿಟ್ಟಾಗಲೆಲ್ಲ ಅವು ಹಾಗೇ ಮುಚ್ಚಿಕೊಂಡುಬಿಡಬೇಕಿತ್ತು. ನಮ್ಮಲ್ಲಿ ಹಾಗಾಗುವುದಿಲ್ಲ, ಯಾಕೆಂದರೆ ಬಹುಪಾಲು ಕೊಬ್ಬಿನಿಂದಾದ ಒಂದು ತೆಳು ಪದರ ಸಾಬೂನಿನ ಹಾಗೆ ನೀರಿನ ಬಿಗಿ ಸಡಿಲಿಸುತ್ತದೆ. ಅದೇ ಸರ್ಫ್ಯಾಕ್ಟಂಟ್. ಬಸಿರಿನ 34–35ನೇ ವಾರದ ಹೊತ್ತಿಗೆ ಮಗು ಅದನ್ನು ಸಾಕಷ್ಟು ಮಾಡಿಕೊಂಡಿರುತ್ತದೆ. ಅದಕ್ಕೂ ಬಹಳ ಮುಂಚೆ ಹುಟ್ಟಿದರೆ ಪ್ರತಿ ಉಸಿರಿಗೂ ಗುಳ್ಳೆಗಳನ್ನು ಹೊಸದಾಗಿ ಬಿಡಿಸಬೇಕು, ಒಂದು ಕೆ.ಜಿ. ಕೂಸಿಗೆ ಅಷ್ಟು ಶಕ್ತಿ ಎಲ್ಲಿಂದ ಬರಬೇಕು? (ಏಳಕ್ಕೆ ಹುಟ್ಟಿದ್ದು ಉಳಿಯುತ್ತೆ, ಎಂಟಕ್ಕೆ ಹುಟ್ಟಿದ್ದು ಉಳಿಯಲ್ಲ ಅಂತ ಹಿರಿಯರು ಹೇಳುತ್ತಾರಲ್ಲ, ಅದು ಸುಮ್ನೆ ಮಾತು. ಹೊಟ್ಟೆಯಲ್ಲಿ ಒಂದೊಂದು ವಾರ ಜಾಸ್ತಿ ಇದ್ದಷ್ಟೂ ಒಳ್ಳೆಯದೇ.)

ಇದನ್ನು ಕಂಡುಹಿಡಿದ ಕಥೆಯಲ್ಲಿ ನನಗೆ ತುಂಬ ಇಷ್ಟವಾಗುವವರು ಅಮೆರಿಕದ ಡಾ. ಮೇರಿ ಎಲೆನ್ ಏವರಿ. 1927ರಲ್ಲಿ ಹುಟ್ಟಿದವರು. ಚಿಕ್ಕಂದಿನಲ್ಲಿ ಪಕ್ಕದ ಮನೆಯ ಮಕ್ಕಳ ಡಾಕ್ಟರಮ್ಮ ಅವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ ತಿಂಗಳು ತುಂಬದೆ ಹುಟ್ಟಿದ ಕೂಸನ್ನು ತೋರಿಸಿದ್ದರಂತೆ. 1952ರಲ್ಲಿ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಡಾಕ್ಟರಿಕೆ ಮುಗಿಸಿದ ಸ್ವಲ್ಪ ದಿನಕ್ಕೇ ಅವರಿಗೆ ಕ್ಷಯ. ಶ್ವಾಸಕೋಶದ ಬಗ್ಗೆ ಆಸಕ್ತಿ ಗಟ್ಟಿಯಾಗಿದ್ದು ಹಾಸಿಗೆ ಹಿಡಿದ ಆ ದಿನಗಳಲ್ಲೇ.

ಆ ಕಾಲದಲ್ಲಿ ಅಮೆರಿಕವೊಂದರಲ್ಲೇ ವರ್ಷಕ್ಕೆ 10,000ಕ್ಕೂ ಹೆಚ್ಚು ಕೂಸುಗಳು ಉಸಿರಾಟದ ತೊಂದರೆಯಿಂದ ಸಾಯುತ್ತಿದ್ದವು. ಸತ್ತ ಕೂಸಿನ ಶ್ವಾಸಕೋಶ ಕೊಯ್ದು ನೋಡಿದರೆ ಗಾಜಿನಂಥ ಒಂದು ಪೊರೆ ಕಾಣುತ್ತಿತ್ತು, ಹಾಗಾಗಿ ಎಲ್ಲರೂ ಆ ಪೊರೆಯ ಹಿಂದೆ ಬಿದ್ದಿದ್ದರು: ಒಳಗೆ ಏನೋ ಹೋಗಿ ಸೇರಿಕೊಂಡಿದೆ, ಅದೇ ಕೊಲ್ಲುತ್ತಿದೆ ಅಂತ. ಏವರಿ ಗಮನಿಸಿದ್ದು ನೊರೆಯನ್ನು. ಬೇರೆ ಕಾರಣಕ್ಕೆ ಸತ್ತ ಮಕ್ಕಳ ಶ್ವಾಸಕೋಶದಲ್ಲಿ ನೊರೆ ಇರುತ್ತಿತ್ತು, ಈ ಮಕ್ಕಳಲ್ಲಿ ಇರಲಿಲ್ಲ. ಸಾಬೂನಿಲ್ಲದೆ ನೊರೆ ಎಲ್ಲಿ ಬರುತ್ತದೆ! ಬಾಸ್ಟನ್‌ನಲ್ಲಿ ಜೆರೆ ಮೀಡ್ ಜೊತೆ ಕೆಲಸಕ್ಕೆ ಕೂತರು. ನೀರಿನ ಇದೇ ಬಿಗಿ ಅಳೆಯುತ್ತಿದ್ದ ವಿಜ್ಞಾನಿ ಜಾನ್ ಕ್ಲೆಮೆಂಟ್ಸ್ ಅವರ ಉಪಕರಣವನ್ನು ಮೇರಿಲ್ಯಾಂಡ್‌ಗೇ ಹೋಗಿ ನೋಡಿ ಬಂದರು. 1959ರಲ್ಲಿ ಏವರಿ, ಮೀಡ್ ಇಬ್ಬರೂ ಬರೆದ ಲೇಖನದ ಸಾರ ಇಷ್ಟೇ: ಈ ಮಕ್ಕಳ ಶ್ವಾಸಕೋಶದಲ್ಲಿ ಇರಬೇಕಾದ ಒಂದು ವಸ್ತು ಇಲ್ಲ.

ಕಾರಣ ಗೊತ್ತಾಯಿತು, ಔಷಧಿ ಇನ್ನೂ ದೂರ. 1963ರ ಆಗಸ್ಟ್‌ನಲ್ಲಿ ಅಧ್ಯಕ್ಷ ಕೆನೆಡಿಯವರ ಮಗ ಪ್ಯಾಟ್ರಿಕ್ ದಿನ ತುಂಬಲು ಐದು ವಾರಕ್ಕೂ ಹೆಚ್ಚು ಇರುವಾಗಲೇ ಹುಟ್ಟಿದ. ತೂಕ ಸುಮಾರು 2.1 ಕೆ.ಜಿ. ಬಾಸ್ಟನ್‌ನ ಮಕ್ಕಳ ಆಸ್ಪತ್ರೆಯಲ್ಲಿ ಹೆಚ್ಚು ಒತ್ತಡದ ಆಮ್ಲಜನಕದ ಕೋಣೆಯಲ್ಲೂ ಇಟ್ಟು ನೋಡಿದರು. 39 ಗಂಟೆಗೆ ಹೋಗಿಬಿಟ್ಟ. ಅಷ್ಟು ತೂಕದ, ಅಷ್ಟು ದಿನ ತುಂಬಿದ ಮಗು ಇವತ್ತು ಸಾಮಾನ್ಯವಾಗಿ ಉಳಿದುಕೊಳ್ಳುತ್ತದೆ. ಅದೇ ಆಸ್ಪತ್ರೆಗೆ 1974ರಲ್ಲಿ ಮುಖ್ಯ ವೈದ್ಯೆಯಾಗಿ ಬಂದವರು ಏವರಿ, ಆ ಕುರ್ಚಿಯಲ್ಲಿ ಕೂತ ಮೊದಲ ಹೆಂಗಸು.

ಕೊನೆಗೆ 1980ರಲ್ಲಿ ಜಪಾನಿನ ತೆತ್ಸುರೋ ಫುಜಿವಾರಾ ಹಸುವಿನ ಶ್ವಾಸಕೋಶದಿಂದ ತೆಗೆದದ್ದನ್ನು ಹತ್ತು ಕೂಸುಗಳಿಗೆ ಕೊಟ್ಟು ಗೆದ್ದರು. 1990ರಲ್ಲಿ ಅಮೆರಿಕ ಮೊದಲ ಸರ್ಫ್ಯಾಕ್ಟಂಟ್ ಔಷಧಿಗೆ ಒಪ್ಪಿಗೆ ಕೊಟ್ಟಿತು. ಈಗ ಬಳಸುವುದರಲ್ಲಿ ಹೆಚ್ಚಿನವು ಹಂದಿ ಇಲ್ಲವೇ ಹಸುವಿನ ಶ್ವಾಸಕೋಶದಿಂದ ಬಂದವು. ಮನೆಯಲ್ಲಿ ಇದಕ್ಕೆ ಯಾರಾದರೂ ಮುಖ ಸಿಂಡರಿಸಿದರೆ, ಮಗುವಿನ ಉಸಿರು ನೋಡಿ ಅಂತ ಹೇಳಿ.

ಇನ್ನೊಂದು ವಿಷಯ. ಹೆರಿಗೆ ಬೇಗ ಆಗುವ ಸೂಚನೆ ಕಂಡರೆ ತಾಯಿಗೇ ಸ್ಟೀರಾಯ್ಡ್ ಇಂಜೆಕ್ಷನ್ ಕೊಡುತ್ತಾರೆ, ಹೊಟ್ಟೆಯೊಳಗಿನ ಮಗುವಿನ ಶ್ವಾಸಕೋಶ ಬೇಗ ಬಲಿಯಲಿ ಅಂತ. ನ್ಯೂಜಿಲೆಂಡ್‌ನ ಗ್ರಹಾಂ ಲಿಗಿನ್ಸ್ ಇದರ ಸುಳಿವು ಕಂಡದ್ದು ಕುರಿಮರಿಗಳಲ್ಲಿ, ಏವರಿ ತಂಡವೂ 1970ರಲ್ಲಿ ಕುರಿಗಳಲ್ಲೇ ಅದನ್ನು ತೋರಿಸಿತು. ನಿಮ್ಮ ತಂಗಿಗೂ ಕೊಟ್ಟಿರಬಹುದು. ಡಿಸ್ಚಾರ್ಜ್ ಚೀಟಿಯಲ್ಲಿ ಡೆಕ್ಸಾಮೆಥಾಸೋನ್ ಅಥವಾ ಬೀಟಾಮೆಥಾಸೋನ್ ಅಂತ ಇದೆಯಾ ನೋಡಿ.