ಹಳೆಯ ಫೈಲಿನ ಮೊದಲ ಪುಟ

ಫಿಟ್ಸ್ ಬರುವ, ಮೂವತ್ತು ದಾಟಿದ ಮಗನನ್ನೋ ಮಗಳನ್ನೋ ಕರೆದುಕೊಂಡು ಬರುವ ತಾಯಂದಿರ ಕೈಯಲ್ಲಿ ದಪ್ಪ ಫೈಲ್ ಇರುತ್ತದೆ. ನಾವು ಡಾಕ್ಟರುಗಳು ಅದನ್ನು ಹಿಂದಿನಿಂದ ಓದುತ್ತೇವೆ. ಈಗ ಯಾವ ಮಾತ್ರೆ, ಎಷ್ಟು ಡೋಸ್, ಮುಂದೇನು ಸೇರಿಸೋಣ. ನಾನೂ ಹಾಗೇ ಓದುತ್ತಿದ್ದೆ. ಈಗ ಮೊದಲ ಪುಟ ಹುಡುಕುತ್ತೇನೆ. ಅದು ಸಿಗದಿದ್ದರೆ ತಾಯಿಯನ್ನೇ ಕೇಳುತ್ತೇನೆ: ಮೊದಲ ಸಲ ಫಿಟ್ಸ್ ಬಂದಾಗ ಮಗುವಿಗೆ ಎಷ್ಟು ತಿಂಗಳು? ಜ್ವರ ಇತ್ತಾ?

ಒಂದು ವರ್ಷವೂ ತುಂಬದ ಕೂಸು, ಮೈ ಬಿಸಿ, ಅರ್ಧ ಗಂಟೆಯಾದರೂ ನಿಲ್ಲದ ಫಿಟ್ಸ್, ಒಮ್ಮೆ ಎಡಗಡೆ, ಇನ್ನೊಮ್ಮೆ ಬಲಗಡೆ. ಇಂಥ ಉತ್ತರ ಬಂದರೆ ನನಗೆ ಡ್ರಾವೆ ಸಿಂಡ್ರೋಮ್ ನೆನಪಾಗುತ್ತದೆ, ಅಂದರೆ ಕೂಸಾಗಿದ್ದಾಗಲೇ ಶುರುವಾಗುವ ಒಂದು ಬಗೆಯ ಮೂರ್ಛೆರೋಗ. ಫ್ರಾನ್ಸಿನ ವೈದ್ಯೆ ಷಾರ್ಲಟ್ ಡ್ರಾವೆ ಇದನ್ನು 1978ರಲ್ಲಿ ಗುರುತಿಸಿದರು. ಇದಕ್ಕೆ ಎಸ್‌ಸಿಎನ್1ಎ ಎಂಬ ಜೀನಿನ ದೋಷ ಕಾರಣವೆಂದು ಪತ್ತೆಯಾಗಿದ್ದು 2001ರಲ್ಲಿ. ಅದಕ್ಕೂ ಮೊದಲು ಹುಟ್ಟಿದ ಮಗುವಿಗೆ ಜೀನ್ ಪರೀಕ್ಷೆ ಮಾಡಿಸುವುದು ಹೇಗೆ ಸಾಧ್ಯವಿತ್ತು? 'ಔಷಧಿಗೆ ಬಗ್ಗದ ಮೂರ್ಛೆರೋಗ' ಎಂದು ಬರೆದರು. ಆ ಮಾತೇ ವರ್ಷವರ್ಷವೂ ಮುಂದಿನ ಪುಟಕ್ಕೆ ನಕಲಾಯಿತು.

ಸರಿಯಾಗಿ ಆರಿಸಿದ ಎರಡು ಔಷಧಿಗಳು ಸೋತರೆ ಮಾತ್ರ 'ಔಷಧಿಗೆ ಬಗ್ಗದ' ಎನ್ನಬೇಕು. 'ಸರಿಯಾಗಿ ಆರಿಸಿದ' ಎಂಬುದನ್ನು ಎಲ್ಲರೂ ಮರೆಯುತ್ತಾರೆ.

ಡ್ರಾವೆಯಲ್ಲಿ ಪೆಟ್ಟು ತಿನ್ನುವುದು ಮಿದುಳಿನ ಬ್ರೇಕ್. ಮಿದುಳಿನ ಓಟವನ್ನು ತಡೆಯುವ ನರಕೋಶಗಳಲ್ಲಿ ಸೋಡಿಯಂ ಒಳಬಿಡುವ ಬಾಗಿಲು ಸರಿಯಾಗಿ ಕೆಲಸ ಮಾಡುವುದಿಲ್ಲ. ಕಾರ್ಬಮಜೆಪಿನ್, ಫೆನಿಟಾಯಿನ್, ಲ್ಯಾಮೊಟ್ರಿಜಿನ್ ಇವೆಲ್ಲ ಸೋಡಿಯಂ ಬಾಗಿಲನ್ನೇ ಮುಚ್ಚುವ ಔಷಧಿಗಳು. ಬೇರೆ ಎಷ್ಟೋ ಜನರಿಗೆ ಇವು ಒಳ್ಳೆಯವೇ. ಇಲ್ಲಿ ಮಾತ್ರ ಸವೆದ ಬ್ರೇಕಿಗೆ ಎಣ್ಣೆ ಹಾಕಿದ ಹಾಗೆ. ಇವುಗಳಲ್ಲಿ ಒಂದನ್ನು ಇಪ್ಪತ್ತು ವರ್ಷ ನುಂಗಿದವರನ್ನು ನೋಡಿದಾಗ ನಿಜಕ್ಕೂ ಸಂಕಟವಾಗುತ್ತದೆ.

ಹಾಗಂತ ನಾಳೆಯೇ ನಿಲ್ಲಿಸುವಂತಿಲ್ಲ. ದಯವಿಟ್ಟು ಮನೆಯಲ್ಲಿ ನೀವೇ ನಿಲ್ಲಿಸಬೇಡಿ. ಮಾತ್ರೆಯನ್ನು ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಸ್ವಲ್ಪಸ್ವಲ್ಪವೇ ಇಳಿಸುತ್ತೇವೆ. ಫಿಟ್ಸ್ ಬಂದರೆ ನಿಲ್ಲಿಸಲು ಮೂಗಿಗೆ ಹಾಕುವ ಮಿಡಜೋಲಾಂ ಕೈಗೆ ಸಿಗುವಂತಿರಬೇಕು. ಕೆಲವರಿಗೆ ಹಳೆಯ ಮಾತ್ರೆ ಬಿಡಿಸಲು ಆಗುವುದೇ ಇಲ್ಲ, ಅದೂ ನಿಜ. "ಈಗ ಇರುವುದೂ ಕೆಟ್ಟರೆ?" ಎಂದು ತಂದೆ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ.

ಹೊಸದಾಗಿ ಕೊಡಲು ಏನಿದೆ? ವಾಲ್ಪ್ರೊಯೇಟ್, ಕ್ಲೋಬಜಾಂ ಹಳೆಯವು. ಜೊತೆಗೆ ಸ್ಟಿರಿಪೆಂಟಾಲ್ ಇದೆ. ಅಮೆರಿಕದಲ್ಲಿ 2018ರಲ್ಲಿ ಕ್ಯಾನಬಿಡಿಯಾಲ್‌ಗೆ, 2020ರಲ್ಲಿ ಫೆನ್‌ಫ್ಲುರಮಿನ್‌ಗೆ ಒಪ್ಪಿಗೆ ಸಿಕ್ಕಿತು. ಈ ಫೆನ್‌ಫ್ಲುರಮಿನ್ ಒಂದು ಕಾಲದಲ್ಲಿ ತೂಕ ಇಳಿಸುವ ಮಾತ್ರೆ. ಹೃದಯದ ಕವಾಟ ಕೆಡಿಸುತ್ತದೆಂದು 1997ರಲ್ಲಿ ಮಾರುಕಟ್ಟೆಯಿಂದ ತೆಗೆದರು. ಈಗ ಡೋಸ್ ಕಡಿಮೆ, ಆದರೂ ಆಗಾಗ ಹೃದಯದ ಸ್ಕ್ಯಾನ್ ಮಾಡಿಸಲೇಬೇಕು. ಕ್ಲೋಬಜಾಂ ಜೊತೆ ಕ್ಯಾನಬಿಡಿಯಾಲ್ ಕೊಟ್ಟರೆ ಕೆಲವರಿಗೆ ನಿದ್ದೆ ಜಾಸ್ತಿ. ಆಗ "ಹೊಸ ಔಷಧಿ ಒಗ್ಗಲಿಲ್ಲ" ಎಂದು ಬಿಡುವ ಮೊದಲು ಕ್ಲೋಬಜಾಂ ಇಳಿಸಿ ನೋಡಬೇಕು.

ವಯಸ್ಸಾದಂತೆ ರೋಗದ ಮುಖವೂ ಬದಲಾಗುತ್ತದೆ. ಫಿಟ್ಸ್ ಕಡಿಮೆಯಾಗಬಹುದು, ಹೆಚ್ಚಾಗಿ ರಾತ್ರಿ ನಿದ್ದೆಯಲ್ಲಿ ಬರುತ್ತದೆ. ನಡಿಗೆ ಕೆಡುತ್ತದೆ, ಮೊಣಕಾಲು ಬಗ್ಗಿಸಿಕೊಂಡೇ ನಡೆಯುತ್ತಾರೆ. ವಯಸ್ಕರ ಡಾಕ್ಟರ ಕಣ್ಣಿಗೆ ಇದು ಡ್ರಾವೆಯಂತೆ ಕಾಣುವುದೇ ಇಲ್ಲ. ಅದಕ್ಕೇ ಮೊದಲ ಪುಟ ಬೇಕು ಅನ್ನುವುದು.

ಇಷ್ಟು ತಡವಾಗಿ ಜೀನ್ ಹೆಸರು ತಿಳಿದು ಏನು ಪ್ರಯೋಜನ ಎಂದು ಕೆಲವರು ಕೇಳುತ್ತಾರೆ. "ಲಸಿಕೆ ಹಾಕಿಸಿ ನಾನೇ ಮಗುವನ್ನು ಹೀಗೆ ಮಾಡಿಬಿಟ್ಟೆ" ಎಂದು ನಂಬಿದ ತಾಯಂದಿರಿದ್ದಾರೆ. ಲಸಿಕೆಯ ಜ್ವರ ಮೊದಲ ಫಿಟ್ಸನ್ನು ಸ್ವಲ್ಪ ಬೇಗ ತಂದಿರಬಹುದು. ರೋಗ ಜೀನಿನಲ್ಲಿ ಮೊದಲೇ ಇತ್ತು. ಹೆಚ್ಚಿನವರಲ್ಲಿ ಆ ದೋಷ ತಂದೆತಾಯಿಯಿಂದ ಬಂದದ್ದೂ ಅಲ್ಲ, ಹೊಸದಾಗಿ ಆದದ್ದು. ಇದನ್ನು ಹೇಳಿದ ಮೇಲೆ ನಾನು ಸ್ವಲ್ಪ ಹೊತ್ತು ಸುಮ್ಮನಿರುತ್ತೇನೆ. ಆಗ ಔಷಧಿಯ ಮಾತು ಅವರ ಕಿವಿಗೆ ಬೀಳುವುದಿಲ್ಲ.

ಆಮೇಲೆ ಫೈಲಿಗೆ ಹೊಸ ಮೊದಲ ಪುಟ ಸೇರಿಸುತ್ತೇನೆ. ರಾತ್ರಿ ಎರಡಕ್ಕೆ ಫಿಟ್ಸ್ ನಿಲ್ಲದೆ ಎಮರ್ಜೆನ್ಸಿಗೆ ಓಡಿದರೆ, ಅಲ್ಲಿ ಸಾಮಾನ್ಯವಾಗಿ ಕೈಗೆತ್ತಿಕೊಳ್ಳುವ ಇಂಜೆಕ್ಷನ್‌ಗಳಲ್ಲಿ ಫೆನಿಟಾಯಿನ್ ಕೂಡ ಒಂದು. ಅದಕ್ಕೆ ರೋಗದ ಹೆಸರು, ಜೀನ್ ಹೆಸರು, ಕೊಡಬೇಕಾದ ಔಷಧಿ, ಬೇಡದ ಔಷಧಿ ಎಲ್ಲವನ್ನೂ ಕೆಂಪು ಇಂಕಿನಲ್ಲಿ ದೊಡ್ಡದಾಗಿ ಬರೆಯುತ್ತೇನೆ. ತಾಯಿ ಅದರ ಫೋಟೊ ತೆಗೆದು ಫೋನಿನಲ್ಲಿ ಇಟ್ಟುಕೊಳ್ಳುತ್ತಾರೆ.