ದಡಕ್ಕೆ ತೇಲಿಬಂದ ಹಡಗಿನ ಸರಕು ಸಿಕ್ಕವರದೇ?

ಪ್ರಶ್ನೆ: ಹಡಗಿನಿಂದ ಬಿದ್ದ ಕಂಟೇನರ್ ಒಡೆದು ಪೆಟ್ಟಿಗೆಗಳು ದಡಕ್ಕೆ ಬಂದು ಬಿದ್ದಿವೆ. ಕೇಳುವವರು ಯಾರೂ ಇಲ್ಲ. ಮನೆಗೆ ಒಯ್ದರೆ ತಪ್ಪೇ?

ಉತ್ತರ: ತಪ್ಪು. ಅಲೆಗೆ ಸಿಗದಂತೆ ಎತ್ತಿಡಬಹುದು, ತನ್ನದೆಂದು ಇಟ್ಟುಕೊಳ್ಳುವಂತಿಲ್ಲ. ನೀರಿಗೆ ಬಿದ್ದ ಮಾತ್ರಕ್ಕೆ ಒಡೆತನ ಕಳೆದುಹೋಗುವುದಿಲ್ಲ. ಅದು ಮಾಲೀಕನದೇ, ಇಲ್ಲವೇ ಅವನಿಗೆ ಪರಿಹಾರ ಕೊಟ್ಟ ವಿಮಾ ಕಂಪನಿಯದು. ‘ಸಿಕ್ಕಿದವರಿಗೆ ಸೀರುಂಡೆ’ ಎಂಬ ಮಾತು ಇಲ್ಲಿ ನಡೆಯದು.

2007ರ ಜನವರಿಯಲ್ಲಿ ಇಂಗ್ಲೆಂಡಿನ ಬ್ರಾನ್ಸ್‌ಕೂಂಬ್ ತೀರದ ಬಳಿ ‘ಎಂಎಸ್‌ಸಿ ನಾಪೊಲಿ’ ಹಡಗಿನಿಂದ ನೂರಕ್ಕೂ ಹೆಚ್ಚು ಕಂಟೇನರ್‌ಗಳು ಬಿದ್ದವು. ಜನ ಬಿಎಂಡಬ್ಲ್ಯು ಬೈಕುಗಳನ್ನು ತಳ್ಳಿಕೊಂಡು ಹೋದ ಚಿತ್ರ ಎಲ್ಲರಿಗೂ ನೆನಪಿದೆ. ದಕ್ಷಿಣ ಆಫ್ರಿಕಾಕ್ಕೆ ಮನೆ ಬದಲಿಸುತ್ತಿದ್ದ ಒಂದು ಕುಟುಂಬದ ಸಾಮಾನೂ ಅಲ್ಲೇ ಲೂಟಿಯಾಯಿತು. ಅದು ಅಷ್ಟಾಗಿ ಯಾರಿಗೂ ನೆನಪಿಲ್ಲ. ವಾರಸುದಾರರಿಲ್ಲ ಎಂದುಕೊಂಡ ಪೆಟ್ಟಿಗೆಯಲ್ಲಿ ಯಾರದೋ ಮನೆಯೇ ಇರಬಹುದು.

ಬ್ರಿಟನ್ನಿನಲ್ಲಿ ಸಿಕ್ಕ ವಸ್ತುವಿನ ವಿವರವನ್ನು 28 ದಿನದೊಳಗೆ ‘ರಿಸೀವರ್ ಆಫ್ ರೆಕ್’ ಎಂಬ ಅಧಿಕಾರಿಗೆ ತಿಳಿಸಬೇಕು. ಮಾಲೀಕನಿಗೆ ಬಂದು ಕೇಳಲು ಒಂದು ವರ್ಷ ಸಮಯವಿದೆ. ವರದಿ ಮಾಡಿದವರಿಗೆ ಕಾಪಾಡಿದ್ದಕ್ಕೆ ಸಂಭಾವನೆ ಸಿಗಬಹುದು. ಎಷ್ಟೋ ಸಲ ಅದರ ಬದಲಿಗೆ ವಸ್ತುವನ್ನೇ ಬಿಟ್ಟುಕೊಡುತ್ತಾರೆ. ಮುಚ್ಚಿಟ್ಟವರಿಗೆ ಸಂಭಾವನೆ ಹೋಗಿ ದಂಡ ಬೀಳುತ್ತದೆ. ಬೇರೆ ದೇಶಗಳಲ್ಲಿ ಗಡುವು, ಅಧಿಕಾರಿ ಬೇರೆ. ಆದರೆ 1989ರ ಅಂತರರಾಷ್ಟ್ರೀಯ ಸಾಲ್ವೇಜ್ (ಕಡಲಲ್ಲಿ ಅಪಾಯಕ್ಕೆ ಸಿಕ್ಕ ಹಡಗು, ಸರಕನ್ನು ಕಾಪಾಡುವ ಕೆಲಸ) ಒಪ್ಪಂದದ ತತ್ತ್ವ ಸ್ಪಷ್ಟ: ರಕ್ಷಣೆ ಫಲ ಕೊಟ್ಟರೆ ಮಾತ್ರ ಸಂಭಾವನೆ, ಅದೂ ಉಳಿದ ಸರಕಿನ ಬೆಲೆಯನ್ನು ಮೀರುವಂತಿಲ್ಲ.

ಕಾನೂನಿಗಿಂತ ಮೊದಲು ನೋಡಬೇಕಾದದ್ದು ಪ್ರಾಣಾಪಾಯ. 2025ರ ಮೇ 25ರಂದು ಕೊಚ್ಚಿ ಸಮೀಪ ಮುಳುಗಿದ ‘ಎಂಎಸ್‌ಸಿ ಎಲ್ಸಾ 3’ರ ಸುಮಾರು 640 ಕಂಟೇನರ್‌ಗಳಲ್ಲಿ 12ರಲ್ಲಿ ಕ್ಯಾಲ್ಸಿಯಂ ಕಾರ್ಬೈಡ್ ಇತ್ತು. ನೀರು ತಾಗಿದರೆ ಅದು ಅಸಿಟಿಲಿನ್ ಅನಿಲ ಬಿಡುತ್ತದೆ, ಒಂದು ಕಿಡಿ ಸಾಕು. ಕೇರಳದಲ್ಲಿ 200 ಮೀಟರ್ ದೂರ ನಿಂತು 112ಕ್ಕೆ ಕರೆ ಮಾಡಿ ಎಂದು ಹೇಳಿದ್ದು ಸುಮ್ಮನೆ ಅಲ್ಲ.

ಆದ್ದರಿಂದ ದೂರದಿಂದಲೇ, ಬೇಕಿದ್ದರೆ ಕ್ಯಾಮೆರಾ ಝೂಮ್ ಮಾಡಿ, ಗುರುತುಗಳನ್ನು ಓದಿ. ಅಪಾಯದ ಫಲಕ 25 ಸೆಂ.ಮೀ. ಬದಿಯ ವಜ್ರಾಕೃತಿ. ಜ್ವಾಲೆಯ ಚಿತ್ರವಿರುವ ನೀಲಿ ಫಲಕ ಎಂದರೆ ನೀರು ತಾಗಿದರೆ ಉರಿಯುವ ಅನಿಲ. ನಾಲ್ಕಂಕಿಯ ಯುಎನ್ ಸಂಖ್ಯೆ ವಸ್ತು ಯಾವುದೆಂದು ಹೇಳುತ್ತದೆ, ಕಾರ್ಬೈಡಿಗೆ 1402. ಇಂಥ ಗುರುತುಗಳು ಮೂರು ತಿಂಗಳು ಕಡಲಲ್ಲಿದ್ದರೂ ಓದಲು ಬರುವಂತಿರಬೇಕೆಂಬ ನಿಯಮವಿದೆ. ಆದರೂ ಗುರುತು ಕಾಣಲಿಲ್ಲವೆಂದು ಅಪಾಯವಿಲ್ಲ ಎನ್ನಬೇಡಿ, ಫಲಕ ಇರುವ ಬದಿ ಮರಳಲ್ಲಿ ಹೂತಿರಬಹುದು.

ಬಾಗಿಲು ಮಾತ್ರ ತೆರೆಯಬೇಡಿ. ನೆನೆದ ಸರಕು ಜರುಗಿ ಬಾಗಿಲಿಗೇ ಒರಗಿರುತ್ತದೆ, ಚಿಲಕ ಬಿಟ್ಟ ಕ್ಷಣ ಮೈಮೇಲೆ ಬೀಳುತ್ತದೆ. ಹುಳು ಕೊಲ್ಲಲು ಹಾಕಿದ ಫಾಸ್ಫೀನ್‌ನಂಥ ವಿಷಾನಿಲವೂ ಒಳಗೆ ಉಳಿದಿರಬಹುದು. ಅರ್ಧ ತೇಲುತ್ತಿರುವ ಕಂಟೇನರಿನ ಹತ್ತಿರವಂತೂ ಸುಳಿಯಲೇಬೇಡಿ. 20 ಅಡಿಯದು ಖಾಲಿಯಿದ್ದಾಗಲೇ ಎರಡು ಟನ್ನಿಗೂ ಮಿಕ್ಕಿದ ತೂಕ, ಒಂದೇ ಅಲೆಗೆ ಹೊರಳುತ್ತದೆ.

ವರದಿಗೆ ಹೆಚ್ಚು ಉಪಯೋಗವಾಗುವುದು ಕಂಟೇನರಿನ ಮೇಲಿನ 11 ಚಿಹ್ನೆಗಳ ಸಂಖ್ಯೆ: ನಾಲ್ಕು ಅಕ್ಷರ (ಸಾಮಾನ್ಯವಾಗಿ ಕೊನೆಯದು ‘ಯು’), ಆರು ಅಂಕಿ, ಚೌಕದೊಳಗೆ ಒಂದು ತಾಳೆ ಅಂಕಿ (ಸಂಖ್ಯೆ ಸರಿಯಿದೆಯೇ ಎಂದು ತಾಳೆ ನೋಡಲು). ಕೆಳಗಿರುವ ‘22ಜಿ1’, ‘45ಜಿ1’ ಎಂಬುದು ಬರೀ ಅಳತೆ ಮತ್ತು ಬಗೆಯ ಸಂಕೇತ. ಅದನ್ನಷ್ಟೇ ಬರೆದುಕೊಟ್ಟರೆ ಯಾರಿಗೂ ಪ್ರಯೋಜನವಿಲ್ಲ. ಸ್ಥಳದ ಅಕ್ಷಾಂಶ-ರೇಖಾಂಶ, ಸಮಯ, ಫೋಟೊ ಸೇರಿಸಿ.

ಅಪಾಯವಿಲ್ಲವೆಂದು ಅಧಿಕಾರಿಗಳು ಹೇಳಿದ ಬಿಡಿ ಪೆಟ್ಟಿಗೆಗಳನ್ನು ಉಬ್ಬರದ ಗೆರೆಯಿಂದ ಮೇಲಕ್ಕೆ ಸಾಗಿಸಿ. ಆಹಾರ, ಔಷಧಿ ಮೊಹರು ಒಡೆಯದಿದ್ದರೂ ಬಳಸಬೇಡಿ. ಲಿಥಿಯಂ ಬ್ಯಾಟರಿ ಇರುವ ಸಾಧನ ಉಪ್ಪುನೀರಿನಲ್ಲಿ ಶಾರ್ಟ್ ಆಗಿ, ಒಣಗಿದ ಮೇಲೂ ಹೊತ್ತಿಕೊಳ್ಳಬಲ್ಲದು. ಅದನ್ನು ಕಟ್ಟಡದೊಳಗೆ ತರಬೇಡಿ, ಚಾರ್ಜಿಗೆ ಹಾಕಬೇಡಿ.

2ರಿಂದ 5 ಮಿ.ಮೀ. ಗಾತ್ರದ ಪ್ಲಾಸ್ಟಿಕ್ ಗುಂಡುಗಳಾದರೆ ಅದು ಸಂಪತ್ತಿನ ಮಾತಲ್ಲ, ಶುಚಿಯ ಮಾತು. ಗಾಳಿ, ಮರಳು ಅವನ್ನು ಹೂಳುವ ಮುನ್ನ, ಉಬ್ಬರದ ಗೆರೆಯುದ್ದಕ್ಕೂ ಕೈಗವಸು ಹಾಕಿ ಮೇಲ್ಪದರವನ್ನಷ್ಟೇ ಬಾಚಿ, ಸಮುದ್ರದ ನೀರಿರುವ ಬಕೆಟ್ಟಿಗೆ ಸುರಿಯಿರಿ. ಮರಳು ತಳಕ್ಕಿಳಿದು ಪಾಲಿಎಥಿಲೀನ್ ಗುಂಡು ಮೇಲೆ ತೇಲುತ್ತದೆ. ಜರಡಿಯಲ್ಲಿ ಎತ್ತಿ ಬಿಗಿಯಾದ ಚೀಲದಲ್ಲಿ ಕಟ್ಟಿಡಿ, ಉಳಿದ ನೀರನ್ನು ಸೋಸದೆ ಕಡಲಿಗೆ ಚೆಲ್ಲಬೇಡಿ.